ಹಿಂದೆ ಹೇಳುವವರಿಲ್ಲ

ಅಜ್ಜಾ, ಶರಣು.

ಫೋನಿನಲ್ಲಿ ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಈ ಕಾರ್ಡು. ನಿನ್ನೆ ಸಂಗೀತದ ತರಗತಿಯಲ್ಲಿ ಮೊದಲ ಸಲ ಒಬ್ಬಳೇ ಹಾಡಿದೆ. ಒಂದು ಸಾಲು ಮುಗಿಸಿ, ಸಂತೆಕಲ್ಲೂರಿನ ನಮ್ಮ ಭಜನೆಯಲ್ಲಿ ನಿಲ್ಲುವ ಹಾಗೆ, ನಿಂತುಬಿಟ್ಟೆ. ತಂಬೂರಿಯೊಂದೇ ನುಡಿಯುತ್ತಿತ್ತು.

"ಯಾಕ ನಿಂತಿ?" ಎಂದರು ಮೇಡಂ.

"ಹಿಂದಿನೋರು ಹೇಳ್ಲಿ ಅಂತ ನಿಂತೀನ್ರೀ."

"ಇಲ್ಲಿ ಹಿಂದ ಯಾರೂ ಇಲ್ಲವ್ವಾ."

ಯಾರೂ ನಗಲಿಲ್ಲ. ನಕ್ಕಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಇಷ್ಟು ವರ್ಷ ನೀವೆಲ್ಲ ತಿರುಗಿ ಹೇಳುವಾಗಲೇ ನಾನು ಉಸಿರು ತೆಗೆದುಕೊಂಡವಳು. ಈಗ ಎಲ್ಲಿ ತೆಗೆದುಕೊಳ್ಳಬೇಕೋ ತಿಳಿಯದೆ ದನಿ ನಡುಗುತ್ತದೆ.

ಗಂಟಲು ನೆಟ್ಟಗಿದೆ, ನೀವು ಕಟ್ಟಿಕೊಟ್ಟ ಜ್ಯೇಷ್ಠಮಧು ಇನ್ನೂ ಇದೆ.

ಇಪ್ಪತ್ತನೇ ತಾರೀಖು ಮುಂಜಾನೆ ಹತ್ತಕ್ಕೆ ಪರೀಕ್ಷೆ. ಕಾಲು ಗಂಟೆ ಒಬ್ಬಳೇ ಹಾಡಬೇಕು. ಆ ಹೊತ್ತಿಗೆ ಹೊಲದಲ್ಲಿದ್ದರೂ ಸರಿ, ನನ್ನ ಹಿಂದೆ ಒಂದು ಸಾಲು ಹೇಳಿರಿ.

ನಿಮ್ಮ ಶಿವಕುಮಾರಿ