ಕಲಿಸಿದವರಿಗೆ ಒಂದು ಸಾಲು

ಗದಗ-ಬೆಟಗೇರಿ
ಫೆಬ್ರವರಿ 30, 2191

ಬ್ಯಾಂಕ್ ನೌಕರರ ಬಡ್ತಿಯ ತಕರಾರು ಇತ್ಯರ್ಥ ಮಾಡಲು ಕುಳಿತಿರುವ ಹಿರಿಯರಿಗೆ, ಶಕುಂತಲಾ ಡಂಬಳ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ನಿಮಗಿಂತ ಬಹಳ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ; ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮಗೆ ತಿಳಿಯದ ಮಾತು ನಡುವೆ ಬಂದರೆ ಕ್ಷಮಿಸಿ.

ನಾನು ಇಲ್ಲಿನ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್. ನಮ್ಮ ಪ್ರತಿಯೊಬ್ಬರ ಮೇಜಿನ ಮೇಲೂ ‘ಅರ್ಹಮಾನಿ’ ಇದೆ. ಮಾಡುವ ಕೆಲಸಕ್ಕೆ ನಿಮಿಷ ನಿಮಿಷವೂ ಅಂಕ ಕೊಡುವ ಯಂತ್ರ. ಬಡ್ತಿ ಆ ಅಂಕದಿಂದಲೇ. ನಾನು ಕೆಲಸಕ್ಕೆ ಸೇರಿದಾಗ ಸೇವೆಯ ವರ್ಷಗಳಿಗೂ ಬೆಲೆಯಿತ್ತು. ಕಲಿತವರ ಅಂಕದಲ್ಲಿ ಕಲಿಸಿದವರಿಗೂ ಪಾಲಿತ್ತು.

ನನಗೆ ಕಲಿಸಿದವರು ನೀಲವ್ವ ಅಸುಂಡಿ, ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದವರು. ಊಟದ ಡಬ್ಬಿ ಬಿಚ್ಚಿಟ್ಟುಕೊಂಡೇ ಅರ್ಜಿ ಓದುವುದು ಹೇಗೆಂದು ತೋರಿಸುತ್ತಿದ್ದರು. ನನ್ನ ತಪ್ಪು ತಿದ್ದುವುದರಲ್ಲಿ ಅವರ ಕೆಲಸ ಹಿಂದೆ ಬೀಳುತ್ತಿತ್ತು. ಹತ್ತು ವರ್ಷದ ಹಿಂದೆ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ನನಗೆ ತೊಂಬತ್ತೊಂದು ಅಂಕ, ಅವರಿಗೆ ಅರವತ್ತನಾಲ್ಕು. ಹುದ್ದೆ ನನಗೆ ಬಂತು. ಕಲಿಸಿದ್ದರ ಪಾಲು ತಮಗೆ ಸೇರಿಲ್ಲವೆಂದು ಅವರು ತಕರಾರು ಹಾಕಿದರು.

ವಿಚಾರಣೆಯಲ್ಲಿ ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿಮಗ ಕೆಲಸಾ ಕಲಿಸಿದವ್ರು ಯಾರ್ರೀ?”

“ಯಾರೂ ಇಲ್ರೀ. ನಾನಽ ಕಲ್ತೀನಿ,” ಅಂದೆ.

ನೀಲವ್ವ ಅಧಿಕಾರಿಯ ಕಡೆ ತಿರುಗಿ, “ಬರಕೊಳ್ರೀ ಸಾಹೇಬ್ರ, ಆಕಿ ಶಾಣ್ಯಾಕಿ. ತಾನಽ ಕಲ್ತಾಳ,” ಎಂದರು. ಆ ವಾರವೇ ರಾಜೀನಾಮೆ ಕೊಟ್ಟರು.

ನನ್ನ ಆ ಮಾತನ್ನೇ ಆಧಾರ ಮಾಡಿಕೊಂಡು, ಕಲಿಸುವುದು ಅರ್ಹತೆಯಲ್ಲ ಎಂದು ಎಲ್ಲ ಶಾಖೆಗಳಿಗೂ ಸುತ್ತೋಲೆ ಹೋಯಿತು. ಅಂದಿನಿಂದ ಯಾರೂ ಯಾರಿಗೂ ಏನನ್ನೂ ಹೇಳಿಕೊಡುವುದಿಲ್ಲ. ಹೊಸಬರು ಏನಾದರೂ ಕೇಳಿದರೆ ಪಕ್ಕದವರು ತಮ್ಮ ಪರದೆಯನ್ನು ಆಚೆ ತಿರುಗಿಸಿಕೊಳ್ಳುತ್ತಾರೆ.

ಹೋದ ತಿಂಗಳು ನೇಕಾರ ತಿಪ್ಪಣ್ಣ ಪಿಂಚಣಿಗೆಂದು ಬಂದ. ನೂಲು ಎಳೆದೆಳೆದು ಅವನ ಹೆಬ್ಬೆರಳಿನ ಗೆರೆಗಳು ಸವೆದಿದ್ದವು. ಹೆಬ್ಬೆಟ್ಟು ನೋಡುವ ಯಂತ್ರಕ್ಕೆ ಅವು ಸಿಗಲಿಲ್ಲ; ಅದು ಅವನನ್ನು ‘ಇಲ್ಲದವ’ ಎಂದು ಬರೆದುಕೊಂಡಿತು, ಅಂದರೆ ಸತ್ತವನೆಂದು. ಇಲ್ಲದವರಿಗೆ ಪಿಂಚಣಿಯಿಲ್ಲ, ಔಷಧಿ ಅಂಗಡಿಯೂ ಬಾಗಿಲು ತೆರೆಯುವುದಿಲ್ಲ. ಆ ಗುರುತು ಅಳಿಸುವುದು ನೀಲವ್ವನಿಗೆ ಗೊತ್ತಿತ್ತು; ನನಗೆ ಕಲಿಸುವ ಮೊದಲೇ ವಿಚಾರಣೆ ಬಂದಿತ್ತು. ಮುಖ್ಯ ಕಚೇರಿಗೆ ಬರೆದೆ. ಶಾಖೆಯಲ್ಲೇ ಸರಿಪಡಿಸಿ ಎಂದು ಉತ್ತರ ಬಂತು. ಹನ್ನೊಂದು ದಿನ ಅವನು ಬಂದು, “ಅಕ್ಕಾರ, ನಾ ಅದೀನ್ರೀ, ನೋಡ್ರಿ,” ಎಂದು ಕೈ ಚಾಚಿ ನಿಂತ. ಹನ್ನೆರಡನೆಯ ದಿನ ಬರಲಿಲ್ಲ. ಅಂದು ನಾಚಿಕೆ ಬಿಟ್ಟು ನೀಲವ್ವನ ಮನೆಗೆ ಹೋದೆ.

ಅವರು ಬೈಯಲಿಲ್ಲ. ಬಿಡಿಸಿ ಹೇಳಿ, ನನ್ನಿಂದಲೂ ಎರಡು ಸಲ ಹೇಳಿಸಿದರು. ಹೊರಡುವಾಗ ಮಾತ್ರ, “ನಾ ನಿನಗ ಹೇಳಿದೆ. ನೀ ಯಾರಿಗೆ ಹೇಳ್ತೀಯವ್ವಾ?” ಎಂದರು.

ಅಲ್ಲಿಂದ ತಿಪ್ಪಣ್ಣನ ಮನೆಗೆ ಹೋದರೆ ಮಗ್ಗದ ಸುತ್ತ ಜನ ಸೇರಿದ್ದರು. ಯಂತ್ರ ಬರೆದದ್ದು ನಿಜವಾಗಿತ್ತು.

ಶಾಖೆಯ ಹದಿನಾಲ್ಕು ಮಂದಿಗೂ ಅದನ್ನು ಕಲಿಸಲು ಹೋದೆ. ಕೇಳುತ್ತ ಕೂತ ನಿಮಿಷಕ್ಕೂ ಅಂಕ ಹೋಗುತ್ತದೆ. ಯಾರೂ ತಲೆ ಎತ್ತಲಿಲ್ಲ. ಹೇಳಿದ ತಪ್ಪಿಗೆ ನನ್ನ ಅಂಕವೂ ಕುಸಿದಿದೆ. ನಾಳೆ ಈ ಕೆಲಸದಲ್ಲಿ ನನ್ನ ಕೊನೆಯ ದಿನ.

ಹಿರಿಯರೇ, ಹಿರಿತನ ಗೆಲ್ಲಲಿ, ಅರ್ಹತೆ ಗೆಲ್ಲಲಿ, ಅದು ನಿಮಗೆ ಬಿಟ್ಟದ್ದು. ನಿಮ್ಮ ತೀರ್ಪಿನಲ್ಲಿ ಕಲಿಸಿದವರಿಗೂ ಒಂದು ಸಾಲು ಬರೆದು ಸಹಿ ಹಾಕಿ. ಹೊರಗಿನ ಬೆಂಚಿನ ಮೇಲೆ ಒಂಬತ್ತು ಮಂದಿ ಇಲ್ಲದವರು ಬಂದು ಕುಳಿತಿದ್ದಾರೆ. ಇವರ ಕೆಲಸ ಇವತ್ತೇ ಮಾಡಿಕೊಡುತ್ತೇನೆ. ನಾಳಿದ್ದು ಬರುವವರನ್ನು ಬದುಕಿದ್ದಾರೆಂದು ಬರೆಯಲು ಇಲ್ಲಿ ಯಾರೂ ಇರುವುದಿಲ್ಲ.