ಅನುಶ್ರೀಯ ರಜೆ

ಹಂಪಾಪುರ
ಗಣೇಶನ ಹಬ್ಬದ ಮಾರನೆಯ ದಿನ

ಆರ್ಕಿಟೆಕ್ಟ್ ಸಾಹೇಬರಿಗೆ,

ಅನುಶ್ರೀಯ ತಾಯಿ ಸುನಂದಮ್ಮ ಮಾಡುವ ನಮಸ್ಕಾರ. ಹಬ್ಬಕ್ಕೆ ಬಂದ ಮಗಳಿಗೆ ಜ್ವರ ಬಂದಿದೆ. ಸೋಮವಾರ ಮೈಸೂರಿಗೆ, ನಿಮ್ಮ ಆಫೀಸಿಗೆ ಬರಲಾರಳು. ದಯವಿಟ್ಟು ರಜೆ ಕೊಡಿ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ಇವತ್ತು ಮಧ್ಯಾಹ್ನ ಮಲಗಿದ್ದವಳು "ಈಗ್ಲೇ ಪ್ಲಾನ್ ಕಳಿಸ್ತೀನಿ ಸಾರ್" ಎಂದು ಬೆಚ್ಚಿ ಎದ್ದು ಕೂತಳು. ಜಗಲಿಯಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದ ನಮ್ಮ ಕೂಲಿಯ ಚಿಕ್ಕಬೀರಮ್ಮ, "ಯಾಕ್ರವ್ವ, ಮಗ ಅಂಗೆ ಬೆಚ್ಚಿಬಿತ್ತು?" ಎಂದಳು. ಕೆಲಸ ಜಾಸ್ತಿ ಎಂದೆ. "ಅಲ್ಲಿ ಹೊತ್ತು ಮುಳುಗಿದ್ಮೇಲೂ ಬುಡಾಕಿಲ್ವಾ?" ಎಂದು ಕೇಳಿದಳು.

ಹೊತ್ತು ಮುಳುಗಿದ ಮೇಲೆ ಚಿಕ್ಕಬೀರಮ್ಮನನ್ನು ನಾವು ಕೂರಿಸಿಕೊಳ್ಳುವುದಿಲ್ಲ. ಕೂಲಿ ಕೊಟ್ಟು ಕಳಿಸುತ್ತೇವೆ. ಉಳಿದ ಸೊಪ್ಪನ್ನು ನಾನು ಕಟ್ಟುತ್ತೇನೆ, ಊರಲ್ಲಿದ್ದಾಗ ಅನುಶ್ರೀಯೂ ಕಟ್ಟುತ್ತಿದ್ದಳು. ಮನೆಯವರ ಕೆಲಸಕ್ಕೆ ಹೊತ್ತೂ ಇಲ್ಲ, ಕೂಲಿಯೂ ಇಲ್ಲ.

ಅವಳನ್ನು ಕೆಲಸಕ್ಕೆ ಸೇರಿಸಿಕೊಂಡಾಗ ನೀವು ನಮಗೆ ಫೋನ್ ಮಾಡಿ, "ಮನೆಮಗಳ ಹಾಗೆ ನೋಡ್ಕೋತೀವಿ" ಎಂದಿರಿ. ಆ ಸಂತೋಷಕ್ಕೆ ನಾನು ಒಂದು ಚೀಲ ಅವರೆಕಾಯಿ ಕಳಿಸಿದ್ದೆ. ಮೂರು ವರ್ಷವಾಯಿತು. ಅವಳ ರೂಮಿನ ಬಾಡಿಗೆಯನ್ನು ಇನ್ನೂ ನಾವೇ ಕಟ್ಟುತ್ತಿದ್ದೇವೆ. ಸಂಬಳದ ಮಾತೆತ್ತಿದರೆ, "ಇನ್ನೂ ಕಲೀತಾ ಇದೀನಿ ಕಣಮ್ಮ" ಎನ್ನುತ್ತಾಳೆ.

ಜ್ವರ ಬಿಟ್ಟ ಮೇಲೆ ಕಳಿಸಿಕೊಡುತ್ತೇನೆ. ಮನೆಗಳ ಪ್ಲಾನ್ ಬರೆಯುವುದೆಂದರೆ ಅವಳಿಗೆ ಪ್ರಾಣ. ನನ್ನದು ಒಂದೇ ಕೋರಿಕೆ. ಮನೆಮಗಳಾಗಿರಲು ಅವಳಿಗೆ ನಮ್ಮ ಮನೆಯಿದೆ. ನೀವು ಅವಳನ್ನು ಕೂಲಿಯವಳ ಹಾಗೆ ನೋಡಿಕೊಳ್ಳಿ.

ಇಂತಿ,
ಸುನಂದಮ್ಮ