ಆ ಪಿಕಪ್ ಆರಿಸಿದವನು ನಾನು

ವಾಟರ್‌ಟೌನ್, ಸೌತ್ ಡಕೋಟ
ಅಕ್ಟೋಬರ್ 9, ಬುಧವಾರ

ಪ್ರೀತಿಯ ತಮ್ಮ ಡೆಲ್,

ಹೇಗಿದ್ದೀಯ? ಆರ್ಡಿತ್‌ಳ ಕೊರಳೆಲುಬು ಕೂಡಿಕೊಳ್ಳುತ್ತಿದೆಯೇ? ಯಾರೂ ಇಲ್ಲದಾಗ ತೋಳಿನ ಜೋಲಿ ಬಿಚ್ಚಿಟ್ಟು ಪಾತ್ರೆ ತೊಳೆಯುತ್ತಾಳೆಂದು ಜಾನೆಲ್ ಫೋನಿನಲ್ಲಿ ದೂರಿದಳು. ದೂರುವುದರಲ್ಲಿ ನಿನ್ನ ಮಗಳು ಥೇಟ್ ನಮ್ಮ ಅಮ್ಮ. ಆದರೂ ಅವಳ ಮಾತು ಕೇಳಿದರೆ ಒಳ್ಳೆಯದು ಎಂದು ಆರ್ಡಿತ್‌ಗೆ ಹೇಳು. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆ ಲವೋನ್ ಚೋಕ್‌ಚೆರಿ ಹಣ್ಣಿನ ಜಾಮ್ ಮಾಡಿ ಮುಗಿಸಿದ್ದಾಳೆ. ಈ ಸಲ ಅದು ಗಟ್ಟಿಯಾಗದೆ ಪಾನಕದಂತಾಗಿದೆ, ಪ್ಯಾನ್‌ಕೇಕಿನ ಮೇಲೆ ಸುರಿದುಕೊಳ್ಳಲಿ ಎಂದು ಬೇಕೆಂದೇ ಹಾಗೆ ಮಾಡಿದೆನೆಂದು ಸಾಧಿಸುತ್ತಾಳೆ. ಮಳೆ ಬಿಡದೆ ಸೋಯಾ ಕಟಾವು ಹಿಂದೆ ಬಿದ್ದಿದೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಲೋಟ ಕಾಫಿ ಮುಗಿಯಿತು. ಮೀನಮೇಷ ಎಣಿಸುತ್ತಿದ್ದೇನೆಂದು ನಿನಗೂ ಗೊತ್ತಾಗಿರಬೇಕು.

ಜಾನೆಲ್ ಇನ್ನೊಂದು ಮಾತನ್ನೂ ಹೇಳಿದಳು. ಬರುವ ಮಂಗಳವಾರ ನೀನು ಲೈಸೆನ್ಸ್ ವಾಪಸ್ ಕೊಟ್ಟುಬಿಡುತ್ತೀಯಂತೆ. 'ನನ್ ಕೈ ಹೋಯ್ತು, ಕಣ್ಣೂ ಹೋಯ್ತು. ಕಟ್ಕೊಂಡವಳನ್ನ ನಾನೇ ಕೊಂದ್ಬಿಡ್ತಿದ್ದೆ' ಎಂದೆಯಂತೆ. ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವನು ನೀನು. ಹಿಮಗಾಳಿಯಲ್ಲೂ ಒಂದು ಮಗುವಿಗೂ ಗೀರು ಬೀಳದಂತೆ ಮನೆ ಮುಟ್ಟಿಸಿದವನು. ಕಳೆದ ತಿಂಗಳು ಬಿಗ್‌ಹಾರ್ನ್ ಬೆಟ್ಟದ ಇಳಿಜಾರಿನಲ್ಲಿ ಅಪಘಾತ ಆದದ್ದು ನಿನ್ನ ಕೈಯ ತಪ್ಪಲ್ಲ, ನನ್ನ ತಪ್ಪು. ಇದನ್ನು ಹೇಳಲೆಂದು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಫೆಸೆಂಟ್ ಹಕ್ಕಿಯ ಬೇಟೆಯ ಮಾತಾಡಿ ಇಟ್ಟುಬಿಟ್ಟೆ.

ಏಪ್ರಿಲ್‌ನಲ್ಲಿ ಪಿಕಪ್ ಕೊಳ್ಳಲು ನೀನು ನನ್ನನ್ನು ಕರೆದುಕೊಂಡು ಹೋದದ್ದೇ ನಾನು ತೂಕದ ಮನುಷ್ಯನೆಂದು. ಮೂವತ್ತೊಂದು ವರ್ಷ ಧಾನ್ಯ ತುಂಬಿಡುವ ಎಲಿವೇಟರ್ ಗೋದಾಮಿನಲ್ಲಿ ರೈತರ ಲಾರಿಗಳನ್ನು ತೂಗಿದ್ದೇನೆ. ಹಿಂಬದಿ ಎಷ್ಟು ಕುಸಿದಿದೆ ಎಂದು ನೋಡಿಯೇ ಒಳಗೆ ಎಷ್ಟು ಜೋಳವಿದೆ ಎನ್ನುತ್ತಿದ್ದೆ, ನೀನು ಅದನ್ನು ಊರಿಗೆಲ್ಲ ಸಾರುತ್ತಿದ್ದೆ. ಅವತ್ತು ಅಲ್ಲಿ ಎರಡು ಗಾಡಿಗಳಿದ್ದವು. ಒಂದು ಬಿಳಿಯದು, ಹಿಂದೆ ಜೋಡಿ ಚಕ್ರದ ಭಾರಿ ಗಾಡಿ, ಒಳಗೆ ಕೂತರೆ ಟ್ರ್ಯಾಕ್ಟರಿನಂತೆ ಕುಲುಕುವಂಥದ್ದು. ಇನ್ನೊಂದು ಕೆಂಪು ಹಾಫ್‌ಟನ್, ಹಗುರ ಜಾತಿಯ ಪಿಕಪ್, ನನ್ನ ಗಾಡಿಯ ಪಡಿಯಚ್ಚು. ಕೆಂಪು ಗಾಡಿ ಹನ್ನೊಂದು ಸಾವಿರ ಪೌಂಡು ಎಳೆಯುತ್ತದೆಂದು ಮಾರುವವನು ಪಾಠ ಒಪ್ಪಿಸಿದ. ಅದು ಸುಳ್ಳಲ್ಲ. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ. ನೀವು ಪ್ರವಾಸಕ್ಕೆ ಒಯ್ಯುವ ಮನೆಗಾಡಿ, ಆ ಫಿಫ್ತ್‌ವೀಲ್ ಟ್ರೇಲರಿನ ಮೂತಿ ಪಿಕಪ್ಪಿನ ಬೆನ್ನ ಮೇಲೆಯೇ ಕೂರುತ್ತದೆ. ಸಾಮಾನು ತುಂಬಿದ ಮೇಲೆ ಆ ಮೂತಿಯ ಭಾರವೊಂದೇ ಸಾವಿರದ ಒಂಬೈನೂರು ಪೌಂಡು. ನಾನು ಚಾಲಕನ ಬಾಗಿಲು ತೆರೆದು ಚೌಕಟ್ಟಿಗೆ ಅಂಟಿಸಿದ್ದ ಹಳದಿ ಚೀಟಿ ಓದಿದೆ. ಜನ, ಸಾಮಾನು ಎಲ್ಲ ಸೇರಿ ಸಾವಿರದ ನಾನೂರ ಎಂಬತ್ತು ಪೌಂಡು ಮೀರಬಾರದು ಎಂದಿತ್ತು. ಕನ್ನಡಕ ಹಾಕಿಕೊಂಡೇ ಓದಿದೆ, ಡೆಲ್. ಆರ್ಡಿತ್ ನನ್ನ ಭುಜದ ಹಿಂದಿನಿಂದ ಇಣುಕಿ, 'ಅದ್ರಲ್ಲಿ ಏನ್ ಬರ್ದಿದೆ ಭಾವ?' ಅಂದಳು. 'ಟೈರಿನ ಗಾಳಿ ಲೆಕ್ಕ ಕಣಮ್ಮ' ಅಂದು ಬಾಗಿಲು ಮುಚ್ಚಿದೆ. ಟೈರಿನ ಲೆಕ್ಕವೂ ಅದರಲ್ಲಿತ್ತು, ಹಾಗಾಗಿ ನಾನು ಸುಳ್ಳು ಹೇಳಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀಯ. ಆರು ವರ್ಷದಿಂದ ನಾನೂ ಅಂಥದೇ ಹಾಫ್‌ಟನ್ನಿಗೆ ಅಂಥದೇ ಟ್ರೇಲರ್ ಹೊರಿಸಿಕೊಂಡು ತಿರುಗುತ್ತಿದ್ದೇನೆ. ಊರವರ ಲಾರಿಯೆಲ್ಲ ತೂಗಿದವನು ನನ್ನದನ್ನು ಒಂದು ದಿನವೂ ತೂಕಕ್ಕೆ ಹಾಕಲಿಲ್ಲ. ಹಾಕಿದರೆ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನನಗೆ ಗೊತ್ತಿತ್ತು. ನಿನಗೆ ಈ ಗಾಡಿ ಸಾಲದು ಎಂದಿದ್ದರೆ ನೀನು ತಿರುಗಿ ನನ್ನ ಗಾಡಿಯ ಕಡೆ ನೋಡುತ್ತಿದ್ದೆ. ಟ್ರೇಲರ್ ನಿಲ್ಲಿಸುವ ಕ್ಯಾಂಪಿಗೆ ಬಂದ ಹೊಸಬರಿಗೆಲ್ಲ ತೂಕದ ಉಪದೇಶ ಮಾಡುವವನ ಮಾನ ಹೋಗುತ್ತಿತ್ತು. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. 'ಅಣ್ಣಾ, ನಿಂದೂ ಇದೇ ಅಲ್ವಾ? ಆರಾಮಾಗಿ ಎಳೆಯತ್ತಾ?' ಎಂದು ನೀನು ಕೇಳಿದೆ. 'ಹೂ ಎತ್ತಿದ ಹಂಗೆ' ಅಂದೆ.

ಮೇ ತಿಂಗಳಲ್ಲಿ ಟ್ರೇಲರ್ ಕೂರಿಸಿದಾಗ ಕೆಂಪು ಗಾಡಿಯ ಹಿಂಬದಿ ಕುಸಿದು ಮುಂದಿನ ದೀಪಗಳು ಆಕಾಶ ನೋಡಿದವು. ಆಗಲಾದರೂ ಬಾಯಿ ಬಿಡಬಹುದಿತ್ತು. ಬದಲಿಗೆ ನಾನೇ ಅಡಿಯಲ್ಲಿ ಮಲಗಿ ಸ್ಪ್ರಿಂಗಿನ ಪಕ್ಕ ಗಾಳಿಚೀಲ ಹಾಕಿ ಪಂಪು ಹೊಡೆದೆ. ಗಾಡಿ ಮಟ್ಟವಾಗಿ ನಿಂತಿತು, ನೀನು ನನ್ನ ಬೆನ್ನು ತಟ್ಟಿದೆ. ಗಾಳಿಚೀಲ ಬೆನ್ನನ್ನು ಎತ್ತಿ ತೋರಿಸುತ್ತದೆಯೇ ಹೊರತು ಹೊರೆ ಇಳಿಸುವುದಿಲ್ಲ. ಆಕ್ಸಲ್, ಟೈರು, ಬ್ರೇಕು ಎಲ್ಲ ಅವೇ. ಇಳಿಜಾರಿನಲ್ಲಿ ಆ ಭಾರ ಹಿಂದಿನಿಂದ ತಳ್ಳಿ ಬ್ರೇಕು ಹೊಗೆಯಾಡಿದಾಗ, ಬ್ರೇಕು ತಪ್ಪಿದ ಲಾರಿಗಳು ಹೂತು ನಿಲ್ಲಲೆಂದು ಮಾಡಿದ ಜಲ್ಲಿದಾರಿಯನ್ನು ಕಣ್ಣಲ್ಲೇ ಹುಡುಕಿ, ಪಿಕಪ್ಪನ್ನೂ ಟ್ರೇಲರನ್ನೂ ಉರುಳಿಸದೆ ಅದರೊಳಗೆ ನುಗ್ಗಿಸಿದವನು ನೀನು. ನಾನಾಗಿದ್ದರೆ ಕಣಿವೆಯಲ್ಲಿರುತ್ತಿದ್ದೆ. ಆರ್ಡಿತ್ ಉಳಿದದ್ದು ನಿನ್ನ ಕೈಯಿಂದಲೇ.

ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು, 'ಅಷ್ಟು ಒಳ್ಳೆ ಗಾಡಿ ಕೊಡ್ಸಿದ್ದೆ ಅಣ್ಣಾ, ಹಾಳು ಮಾಡ್ಬಿಟ್ಟೆ, ಬೇಜಾರು ಮಾಡ್ಕೋಬೇಡ' ಅಂದೆ. ನಾನು 'ಪರವಾಗಿಲ್ಲ ಬಿಡು' ಅಂದೆ. ನಿನ್ನನ್ನು ಕ್ಷಮಿಸಿಬಿಟ್ಟೆ, ಡೆಲ್. ಗಾಡಿ ಆರಿಸಿದ್ದಕ್ಕಿಂತ ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಗುತ್ತಿದೆ.

ಈ ಪತ್ರವನ್ನು ಆರ್ಡಿತ್‌ಗೂ ಜಾನೆಲ್‌ಗೂ ಓದಿ ಹೇಳು. ಅವರು ಬೈದರೆ ತಡೆಯಬೇಡ. ಲವೋನ್‌ಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೇಳಿದೆ, ತಟ್ಟೆ ಎತ್ತಿಕೊಂಡು ಎದ್ದು ಹೋದಳು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ನನಗೆಂದು ಏನಾದರೂ ಒಳ್ಳೆಯದು ಎತ್ತಿಟ್ಟಿದ್ದರೆ ಅದನ್ನೂ ಆರ್ಡಿತ್‌ಳ ಎಲುಬಿಗೇ ಕೊಡಲಿ.

ನಿನ್ನ ಅಣ್ಣ,
ಆರ್ಲೋ

ಮತ್ತೊಂದು ಮಾತು: ಸೋಮವಾರದ ಬಸ್ಸಿಗೆ ನಿಮ್ಮೂರು ಫಾರ್ಗೋಗೆ ಬರುತ್ತಿದ್ದೇನೆ, ಮೂರೂವರೆಗೆ ಇಳಿಯುತ್ತೇನೆ. ನಿನ್ನ ಎದುರು ನಿಂತರೆ ಬಾಯಿ ಕಟ್ಟೀತೆಂದು ಪತ್ರವನ್ನು ಮುಂಚೆ ಕಳಿಸಿದ್ದೇನೆ. ನನ್ನನ್ನು ಕರೆದೊಯ್ಯಲು ಜಾನೆಲ್ ಬರುವುದು ಬೇಡ. ಅವಳ ಕಾರಿನ ಕೀ ಇಸಿದುಕೊಂಡು ನೀನೊಬ್ಬನೇ ಬಾ. ಮಂಗಳವಾರದ ತನಕ ಲೈಸೆನ್ಸ್ ನಿನ್ನದೇ. ದಾರಿಯುದ್ದಕ್ಕೂ ಬಯ್ಯಿ, ಪಕ್ಕದಲ್ಲಿ ಕೂತು ಕೇಳುತ್ತೇನೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಕಾರು ನಿಲ್ಲಿಸಬೇಡ, ನನ್ನನ್ನು ದಾಟಿ ಹೋಗು. ಆದರೆ ಓಡಿಸು.